ಹಳ್ಳಿಯ ಮಗು ಮತ್ತು ನವೋದಯದ ಪರೀಕ್ಷೆ

(ಕಮಲಾಪುರದಲ್ಲಿ ಸೇರಿದ್ದ ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಯಾವ ಭೂಮಿಗೆ ಯಾವ ಬೀಜ, ಎಷ್ಟು ಗೊಬ್ಬರ, ಯಾವ ರೋಗಕ್ಕೆ ಯಾವ ಮದ್ದು ಎಂಬ ಮಾತುಗಳನ್ನು ಇಂಥ ಸಭೆಗಳಲ್ಲಿ ನೀವು ಬಹಳ ಸಲ ಕೇಳಿರುವಿರಿ. ಈ ಹೊತ್ತು ಹೊಲದ ಬೆಳೆಯನ್ನು ಸ್ವಲ್ಪ ಬದಿಗಿಟ್ಟು, ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿರುವೆನು.

ಕಮಲಾಪುರದ ಸುತ್ತಿನ ಊರುಗಳಲ್ಲಿಯೂ ತಾಂಡಾಗಳಲ್ಲಿಯೂ ನಾಲ್ಕನೆಯ, ಐದನೆಯ ತರಗತಿಯ ಮಕ್ಕಳಿರುವ ಮನೆಗೆ ಹೋದರೆ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: “ನಮ್ಮ ಹುಡುಗನಿಗೆ ನವೋದಯ ಸಿಕ್ಕೀತೇ? ಅದಕ್ಕಾಗಿ ಅವನನ್ನು ಕಲಬುರಗಿಗೆ ಕಳಿಸಿ ಕೋಚಿಂಗಿಗೆ ಹಾಕಬೇಕೇ?” ಕೇಳುವುದಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಇದರ ಹಿಂದೆ ವರ್ಷದ ತೊಗರಿ ಮಾರಿದ ಹಣವಿರುತ್ತದೆ. ಕೆಲವು ಮನೆಗಳಲ್ಲಿ ಸಾಲವೂ ಇರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ಹತ್ತು ವರ್ಷದ ಮಗುವಿನ ಮನಸ್ಸಿರುತ್ತದೆ.

ಆದುದರಿಂದ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುವೆನು. ಈ ಪರೀಕ್ಷೆಗೆ ಬೇಕಾದ ವಿದ್ಯೆಯ ಬಹುಪಾಲು ನಿಮ್ಮ ಊರಿನ ಶಾಲೆಯಲ್ಲಿಯೂ ನಿಮ್ಮ ಮನೆಯಲ್ಲಿಯೂ ದೊರೆಯುವುದು. ದಿನಕ್ಕೆ ಒಂದು ಗಂಟೆಯಂತೆ ಒಂದೂವರೆ ವರ್ಷ ತಪ್ಪದೆ ಅಭ್ಯಾಸ ನಡೆಯಬೇಕು. ಅದನ್ನು ಬಿಟ್ಟು, ಅವಸರಪಟ್ಟು ಮಗುವನ್ನು ಊರ ಶಾಲೆಯಿಂದ ಬಿಡಿಸಿ ನಗರದ ಶಾಲೆಗೆ ಸೇರಿಸಿದರೆ, ಹಳ್ಳಿಯ ಮಗುವಿಗೆಂದೇ ಕಾದಿಟ್ಟ ಜಾಗದ ಹಕ್ಕು ಕೈಬಿಟ್ಟು ಹೋಗುವುದು. ಅದು ಹೇಗೆಂಬುದನ್ನು ಈಗ ವಿವರಿಸುವೆನು.

ನವೋದಯವೆಂದರೇನು?

ಹಳ್ಳಿಯ ಜಾಣ ಮಕ್ಕಳಿಗೆ, ಅವರ ತಂದೆತಾಯಿಗಳ ಬಡತನ ಅಡ್ಡ ಬರದಂತೆ, ಒಳ್ಳೆಯ ಶಿಕ್ಷಣ ದೊರೆಯಬೇಕೆಂಬುದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಒಂದು ಉದ್ದೇಶವಾಗಿದ್ದಿತು. ಇದಕ್ಕಾಗಿ 1985-86ರಲ್ಲಿ ಹರಿಯಾಣದ ಝಜ್ಜರ್, ಮಹಾರಾಷ್ಟ್ರದ ಅಮರಾವತಿ ಈ ಎರಡು ಕಡೆ ಮೊದಲು ಶಾಲೆಗಳನ್ನು ತೆರೆದರು. ಇಂದು ದೇಶದಲ್ಲಿ ಇಂಥ ಜವಾಹರ ನವೋದಯ ವಿದ್ಯಾಲಯಗಳು 650ಕ್ಕೂ ಹೆಚ್ಚಾಗಿವೆ. ಇವು ಕೇಂದ್ರ ಸರಕಾರದ ವಸತಿಶಾಲೆಗಳು. ಆರನೆಯ ತರಗತಿಯಿಂದ ಹನ್ನೆರಡನೆಯ ತರಗತಿಯವರೆಗೆ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಅಲ್ಲಿಯೇ ಇದ್ದು ಓದುವರು. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತ. ಒಂಬತ್ತನೆಯ ತರಗತಿಯಿಂದ ವಿಕಾಸ ನಿಧಿ ಎಂದು ತಿಂಗಳಿಗೆ 600 ರೂಪಾಯಿ ಕೊಡಬೇಕಾಗುವುದು. ಹೆಣ್ಣುಮಕ್ಕಳಿಗೂ, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಮಕ್ಕಳಿಗೂ, ಬಡತನದ ರೇಖೆಯ ಕೆಳಗಿನ ಮನೆಗಳ ಮಕ್ಕಳಿಗೂ ಅದೂ ಇಲ್ಲ.

ಒಂದು ಶಾಲೆಯಲ್ಲಿ ಆರನೆಯ ತರಗತಿಗೆ ಹೆಚ್ಚೆಂದರೆ 80 ಮಕ್ಕಳನ್ನು ತೆಗೆದುಕೊಳ್ಳುವರು. ಅದರಲ್ಲಿ ನೂರಕ್ಕೆ 75ರಷ್ಟಾದರೂ ಜಾಗ ಹಳ್ಳಿಯ ಮಕ್ಕಳಿಗೆ. ಎಂಬತ್ತರಲ್ಲಿ ಅರವತ್ತು! ಒಟ್ಟು ಜಾಗಗಳಲ್ಲಿ ಮೂರನೆಯ ಒಂದು ಪಾಲು ಹೆಣ್ಣುಮಕ್ಕಳಿಗೆ ಮೀಸಲು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳ ಮಕ್ಕಳಿಗೂ ಮೀಸಲಾತಿ ಇರುವುದು.

ನವೋದಯವೊಂದೇ ದಾರಿಯೆಂದು ತಿಳಿಯಬೇಡಿರಿ. ನಮ್ಮ ರಾಜ್ಯ ಸರಕಾರದ ಮೊರಾರ್ಜಿ ದೇಸಾಯಿ ವಸತಿಶಾಲೆಗಳೂ ಕಿತ್ತೂರು ರಾಣಿ ಚನ್ನಮ್ಮ ವಸತಿಶಾಲೆಗಳೂ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳನ್ನು ಆರಿಸುತ್ತ ಬಂದಿವೆ. ಮನೆಯಿಂದಲೇ ಹೋಗಿಬಂದು ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಆದರ್ಶ ವಿದ್ಯಾಲಯಗಳಿಗೂ ಪ್ರವೇಶ ಪರೀಕ್ಷೆ ಉಂಟು. ನವೋದಯಕ್ಕೆಂದು ಚೆನ್ನಾಗಿ ಅಣಿಯಾದ ಮಗುವಿಗೆ ಈ ಪರೀಕ್ಷೆಗಳಲ್ಲಿಯೂ ಆ ಅಭ್ಯಾಸ ನೆರವಾಗುವುದು. ಮೂರಕ್ಕೂ ಅರ್ಜಿ ಹಾಕಿಸಿರಿ.

ಮೊದಲು ಕಾಯಬೇಕಾದುದು ಹಳ್ಳಿಯ ಹಕ್ಕು

ಹಳ್ಳಿಯ ಮಗು ಎಂದು ಯಾರನ್ನು ಕರೆಯುವರು? ಮನೆ ಹಳ್ಳಿಯಲ್ಲಿದ್ದರೆ ಸಾಲದು. ಮೂರು, ನಾಲ್ಕು, ಐದು ಈ ಮೂರು ತರಗತಿಗಳನ್ನೂ ಮಗು ಹಳ್ಳಿಗಾಡಿನ ಮಾನ್ಯತೆ ಪಡೆದ ಶಾಲೆಯಲ್ಲಿ, ಪ್ರತಿ ವರ್ಷವೂ ಪೂರ್ಣವಾಗಿ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದರೂ ಆ ಮಗುವನ್ನು ನಗರದ ಮಗುವೆಂದೇ ಎಣಿಸುವರು. ಆಗ ಅವನು ಅರವತ್ತು ಜಾಗಗಳ ಸಾಲನ್ನು ಬಿಟ್ಟು, ಕಲಬುರಗಿ ನಗರದ ಮಕ್ಕಳೊಂದಿಗೆ ಉಳಿದ ಇಪ್ಪತ್ತು ಜಾಗಗಳಿಗಾಗಿ ಪೈಪೋಟಿ ಮಾಡಬೇಕಾಗುವುದು.

ಈಗ ಯೋಚಿಸಿ ನೋಡಿರಿ. ಒಬ್ಬ ತಂದೆ ಒಳ್ಳೆಯದಾಗಲೆಂದೇ ಮಗನನ್ನು ನಾಲ್ಕನೆಯ ತರಗತಿಯಲ್ಲಿ ಕಲಬುರಗಿಯ ಶಾಲೆಗೆ ಸೇರಿಸುವನು. ಫೀಜು ಕಟ್ಟುವನು, ಕೋಣೆ ಬಾಡಿಗೆ ಕೊಡುವನು, ತಾಯಿ ಊರು ಬಿಟ್ಟು ಮಗನ ಜೊತೆ ಇರುವಳು. ಐದನೆಯ ತರಗತಿಯಲ್ಲಿ ಅರ್ಜಿ ತುಂಬಲು ಕುಳಿತಾಗ ಗ್ರಾಮೀಣ ಎಂಬ ಮಾತು ಬರೆಯುವಂತಿಲ್ಲವೆಂದು ತಿಳಿಯುವುದು. ಅಷ್ಟು ಖರ್ಚು ಮಾಡಿ ಕೊಂಡುಕೊಂಡದ್ದು ಮಗನ ಹಕ್ಕಿನ ನಷ್ಟವನ್ನು!

ಇನ್ನು ಕೆಲವರು ಬೇರೊಂದು ದಾರಿ ಹುಡುಕುವರು. ಮಗುವಿನ ಹೆಸರು ಊರ ಶಾಲೆಯ ಹಾಜರಿ ಪುಸ್ತಕದಲ್ಲಿ, ಮಗು ಮಾತ್ರ ವರ್ಷವಿಡೀ ನಗರದ ಕೋಚಿಂಗ್ ಮನೆಯಲ್ಲಿ. ಇದು ಸುಳ್ಳು ಹಾಜರಿ. ಆಯ್ಕೆಯಾದ ಮೇಲೆ ದಾಖಲೆಗಳನ್ನು ಪರಿಶೀಲಿಸುವರು. ಅಲ್ಲಿ ಸುಳ್ಳು ಬಯಲಾದರೆ ಸಿಕ್ಕ ಜಾಗವೂ ಹೋಗುವುದು. ಮಗು ವಿದ್ಯೆಯ ಮೊದಲ ಮೆಟ್ಟಿಲಿನಲ್ಲಿಯೇ ಹುಸಿಯನ್ನು ಕಲಿಯುವುದು ಅದಕ್ಕಿಂತ ದೊಡ್ಡ ಕೇಡು.

ಗುಳೆ ಹೋಗುವ ಮನೆಗಳು ಈ ಮಾತನ್ನು ಇನ್ನಷ್ಟು ಎಚ್ಚರದಿಂದ ಕೇಳಬೇಕು. ಸುಗ್ಗಿ ಮುಗಿದ ಮೇಲೆ ಪುಣೆಗೋ ಮುಂಬಯಿಗೋ ಬೆಂಗಳೂರಿಗೋ ಹೊಟ್ಟೆಪಾಡಿಗಾಗಿ ಹೋಗುವಾಗ ಮಗುವನ್ನೂ ಕರೆದೊಯ್ದರೆ ಶಾಲೆಯ ವರ್ಷ ನಡುವೆಯೇ ಮುರಿಯುವುದು. ಮಗು ಐದನೆಯ ತರಗತಿಯನ್ನು ಇದೇ ಜಿಲ್ಲೆಯ ಶಾಲೆಯಲ್ಲಿ ಓದುತ್ತಿರಬೇಕೆಂಬುದೂ ನಿಯಮ. ಆದುದರಿಂದ ಈ ಮೂರು ವರ್ಷಗಳ ಮಟ್ಟಿಗಾದರೂ ಮಗುವನ್ನು ಅಜ್ಜಿಯ ಬಳಿಯೋ ದೊಡ್ಡಮ್ಮನ ಬಳಿಯೋ ಊರಲ್ಲಿ ಬಿಟ್ಟುಹೋಗಲು ಏರ್ಪಾಡು ಮಾಡಿರಿ. ಅದೂ ಸಾಧ್ಯವಿಲ್ಲದಿದ್ದರೆ ಹೊರಡುವ ಮೊದಲೇ ಮುಖ್ಯೋಪಾಧ್ಯಾಯರನ್ನು ಕಂಡು, ಹತ್ತಿರದಲ್ಲಿ ಹಾಸ್ಟೆಲಿನ ಅನುಕೂಲವಿದೆಯೇ ಎಂದು ವಿಚಾರಿಸಿರಿ.

ದೊಡ್ಡ ಊರುಗಳ ಶಾಲೆ ಹಳ್ಳಿಗಾಡಿನದೋ ಪಟ್ಟಣದ್ದೋ ಎಂಬ ಸಂಶಯ ಬರುವುದುಂಟು. ಇದನ್ನು ಊಹೆಯಿಂದ ತೀರ್ಮಾನಿಸಬೇಡಿರಿ. ಮಗು ಮೂರನೆಯ ತರಗತಿಗೆ ಕಾಲಿಡುವಾಗಲೇ ಶಾಲೆಯಲ್ಲಿ ಕೇಳಿ ತಿಳಿದುಕೊಳ್ಳಿರಿ.

ಪರೀಕ್ಷೆಯಲ್ಲಿ ಏನು ಕೇಳುವರು?

ಪರೀಕ್ಷೆ ಎರಡು ಗಂಟೆಯದು. ಬೆಳಿಗ್ಗೆ 11-30ಕ್ಕೆ ಆರಂಭವಾಗಿ ಮಧ್ಯಾಹ್ನ 1-30ಕ್ಕೆ ಮುಗಿಯುವುದು. ಒಟ್ಟು 80 ಪ್ರಶ್ನೆಗಳು, 100 ಅಂಕಗಳು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳನ್ನು ಕೊಟ್ಟಿರುವರು. ಸರಿಯಾದುದನ್ನು ಆರಿಸಿ, ಬೇರೆ ಹಾಳೆಯಲ್ಲಿ ಅದಕ್ಕೆ ಸೇರಿದ ಸಣ್ಣ ವೃತ್ತವನ್ನು ಪೆನ್ನಿನಿಂದ ತುಂಬಬೇಕು.

ಈ ಎಂಬತ್ತರಲ್ಲಿ 40 ಪ್ರಶ್ನೆಗಳು ಬುದ್ಧಿಶಕ್ತಿಯವು, 50 ಅಂಕ. ಇವೆಲ್ಲ ಚಿತ್ರಗಳು, ಓದು ಬೇಡ, ಕಣ್ಣು ಮತ್ತು ವಿಚಾರ ಬೇಕು. 20 ಪ್ರಶ್ನೆಗಳು ಅಂಕಗಣಿತದವು, 25 ಅಂಕ. ಇನ್ನು 20 ಪ್ರಶ್ನೆಗಳು ಭಾಷೆಯವು, 25 ಅಂಕ. ನಾಲ್ಕು ಸಣ್ಣ ಗದ್ಯಭಾಗಗಳನ್ನು ಕೊಟ್ಟು, ಒಂದೊಂದಕ್ಕೆ ಐದೈದು ಪ್ರಶ್ನೆ ಕೇಳುವರು. ಕನ್ನಡ ಮಾಧ್ಯಮದ ಮಗು ಇಡೀ ಪರೀಕ್ಷೆಯನ್ನು ಕನ್ನಡದಲ್ಲಿಯೇ ಬರೆಯಬಹುದು. ಇಂಗ್ಲಿಷ್ ಬಾರದೆಂಬ ಹೆದರಿಕೆ ಬೇಡ.

ಎಂಬತ್ತು ಪ್ರಶ್ನೆಗೆ ನೂರಿಪ್ಪತ್ತು ನಿಮಿಷವಾದರೆ ಒಂದಕ್ಕೆ ಒಂದೂವರೆ ನಿಮಿಷ. ಇಲ್ಲಿ ಗೆಲ್ಲುವುದು ನಿಧಾನವಾಗಿ ತಿಳಿದು, ಮತ್ತೆ ಮತ್ತೆ ಮಾಡಿ ಕೈಪಳಗಿದ ಮಗು. ಬಾಯಿಪಾಠಕ್ಕೆ ಇಲ್ಲಿ ಬೆಲೆ ಕಡಿಮೆ. ಈ ಮೂರು ವಿಷಯಗಳನ್ನು ಮನೆಯಲ್ಲಿ ಹೇಗೆ ಕಲಿಸಬಹುದೆಂಬುದನ್ನು ಒಂದೊಂದಾಗಿ ನೋಡೋಣ.

ಓದು: ಅಕ್ಷರ ಬಾರದ ತಾಯಿಯೂ ಕಲಿಸಬಲ್ಲಳು

ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಮಗುವನ್ನು ಒಲೆಯ ಬಳಿ ಕೂರಿಸಿಕೊಳ್ಳಿರಿ. ಒಂದು ಸಣ್ಣ ಕಥೆಯನ್ನೋ ಪತ್ರಿಕೆಯ ಸುದ್ದಿಯನ್ನೋ ಗಟ್ಟಿಯಾಗಿ ಓದಿಸಿರಿ. ಓದಿ ಮುಗಿದ ಮೇಲೆ ಐದು ಪ್ರಶ್ನೆ ಕೇಳಿರಿ. ಯಾರು? ಎಲ್ಲಿ? ಯಾಕೆ ಹಾಗೆ ಮಾಡಿದ? ಮುಂದೆ ಏನಾಯಿತು? ಆ ಒಂದು ಮಾತಿಗೆ ಅರ್ಥವೇನು? ಈ ಐದು ಪ್ರಶ್ನೆಗಳನ್ನು ಕೇಳಲು ತಾಯಿಗೆ ಅಕ್ಷರ ಬರಬೇಕಾಗಿಲ್ಲ, ಕಿವಿ ಇದ್ದರೆ ಸಾಕು. “ನನಗೆ ತಿಳಿಯಲಿಲ್ಲ, ಇನ್ನೊಮ್ಮೆ ಬಿಡಿಸಿ ಹೇಳು” ಎಂದು ಅವ್ವ ಕೇಳಿದಾಗ ಮಗು ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಲು ಕಲಿಯುವುದು. ಪರೀಕ್ಷೆಯ ಗದ್ಯಭಾಗ ಕೇಳುವುದೂ ಇದನ್ನೇ.

ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತನಾಡುವರು. ಪುಸ್ತಕದ ಕನ್ನಡ ಅವರಿಗೆ ಎರಡನೆಯ ಭಾಷೆ. ಅಂಥ ಮನೆಗಳಲ್ಲಿ ಕನ್ನಡದಲ್ಲಿ ಓದಿ, ಲಂಬಾಣಿಯಲ್ಲಿ ಅರ್ಥ ಹೇಳುವ ರೂಢಿ ಮಾಡಿಸಿರಿ. ಇದರಿಂದ ಎರಡು ಭಾಷೆಗಳೂ ಗಟ್ಟಿಯಾಗುವವು. ಮನೆಯ ಮಾತಿಗೆ ಮಗು ನಾಚುವಂತೆ ಮಾಡಬಾರದು.

ಓದಲು ಪುಸ್ತಕ ಎಲ್ಲಿಂದ ತರುವುದು ಎನ್ನುವಿರಾ? ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನು ಈಗ ಅರಿವು ಕೇಂದ್ರವೆಂದು ಕರೆಯುವರು. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಶಾಲೆಯ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳಲು ಆರಂಭಿಸಿದರು. ವಾರಕ್ಕೊಂದು ಪುಸ್ತಕ ತಂದರೆ ವರ್ಷಕ್ಕೆ ಐವತ್ತು ಪುಸ್ತಕ. ಗ್ರಂಥಾಲಯದ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆಯದಿದ್ದರೆ ಗ್ರಾಮಸಭೆಯಲ್ಲಿ ಕೇಳುವ ಅಧಿಕಾರ ನಿಮಗುಂಟು.

ಲೆಕ್ಕ: ಹೊಲವೇ ಹಲಗೆ

ಅಂಕಗಣಿತದಲ್ಲಿ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಮೊದಲು. ಭಿನ್ನರಾಶಿ, ದಶಮಾಂಶ, ಲಾಭನಷ್ಟ, ಅಳತೆ, ಕಾಲ, ಕ್ಷೇತ್ರಫಲ ಆಮೇಲೆ. ಇವುಗಳಲ್ಲಿ ರೈತನ ಮನೆಗೆ ಬರದ ಲೆಕ್ಕ ಯಾವುದಿದೆ? ನಿಮ್ಮ ಕೆಲಸದ ಲೆಕ್ಕಗಳನ್ನೇ ಮಗುವಿನ ಮುಂದಿಡಿರಿ.

ನಲವತ್ತು ಗುಂಟೆಗೆ ಒಂದು ಎಕರೆ. ಹೊಲ 3 ಎಕರೆ 20 ಗುಂಟೆ ಇದೆ. ಅದರಲ್ಲಿ ಕಾಲು ಭಾಗ ಜೋಳ ಹಾಕಿದರೆ ಎಷ್ಟು ಗುಂಟೆ? ಒಟ್ಟು 140 ಗುಂಟೆ, ಅದರ ಕಾಲು ಭಾಗ 35. ಇದು ಭಿನ್ನರಾಶಿ.

ಐವತ್ತು ಕಿಲೋ ತೂಕದ 12 ಚೀಲ ತೊಗರಿ ಬಂತು; ಕ್ವಿಂಟಲಿಗೆ 7,000 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆರು ಕ್ವಿಂಟಲಿಗೆ 42,000. ಖರ್ಚು 30,000 ಆಗಿದ್ದರೆ ಉಳಿದದ್ದು 12,000. ಖರ್ಚಿನ ಮೇಲೆ ನೂರಕ್ಕೆ ಎಷ್ಟು ಲಾಭ? ನಲವತ್ತು. ಇದು ಪ್ರತಿಶತ.

ಬಾಳೆಯ ತೋಟಕ್ಕೆ ನೀರಿನ ಪಾಳಿ ನಿಮಗೆ ಆರು ದಿನಕ್ಕೊಮ್ಮೆ, ಪಕ್ಕದವರಿಗೆ ಎಂಟು ದಿನಕ್ಕೊಮ್ಮೆ. ಇಂದು ಇಬ್ಬರ ಪಾಳಿಯೂ ಒಂದೇ ದಿನ ಬಂದಿದೆ. ಇನ್ನೆಷ್ಟು ದಿನಕ್ಕೆ ಮತ್ತೆ ಕೂಡಿಬರುವುದು? ಇಪ್ಪತ್ನಾಲ್ಕು ದಿನಕ್ಕೆ. ಶಾಲೆಯಲ್ಲಿ ಲಘುತಮ ಸಾಮಾನ್ಯ ಅಪವರ್ತ್ಯ ಎಂದು ಹೇಳಿಕೊಡುವುದು ಇದನ್ನೇ.

ಹತ್ತು ಸಾವಿರ ಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಒಂಬತ್ತು ತಿಂಗಳಿಗೆ ಎಷ್ಟು? ತಿಂಗಳಿಗೆ 200ರಂತೆ 1,800. ಹಾಗಾದರೆ ವರ್ಷಕ್ಕೆ ನೂರಕ್ಕೆ ಎಷ್ಟಾಯಿತು? ಇಪ್ಪತ್ನಾಲ್ಕು. ಈ ಉತ್ತರವನ್ನು ಮಗು ತಾನಾಗಿಯೇ ಹೇಳಿದ ದಿನ, ಪರೀಕ್ಷೆಗೆ ಎಷ್ಟು ಲಾಭವೋ ಮನೆಗೂ ಅಷ್ಟೇ ಲಾಭವೆಂದು ತಿಳಿಯಿರಿ.

ಇಷ್ಟಾದರೂ ಮಗ್ಗಿ ಬಾರದ ಮಗು ಪರೀಕ್ಷೆಯ ಹೊತ್ತಿನಲ್ಲಿ ಹಿಂದೆ ಬೀಳುವುದು. ಇಪ್ಪತ್ತರವರೆಗೆ ಮಗ್ಗಿ ನಾಲಿಗೆಯ ಮೇಲಿರಲಿ. ಹೊಲಕ್ಕೆ ಹೋಗುವ ದಾರಿಯಲ್ಲಿ, ದನ ಕಟ್ಟುವಾಗ ನಡುನಡುವೆ ಕೇಳುತ್ತಿರಿ. ತಪ್ಪಿದರೆ ಗದರಬೇಡಿರಿ, ಮರುದಿನ ಅದನ್ನೇ ಮತ್ತೆ ಕೇಳಿರಿ.

ಚಿತ್ರದ ಪ್ರಶ್ನೆಗಳು: ರಂಗೋಲಿಯೂ ಕೌದಿಯೂ

ಅರ್ಧ ಅಂಕಗಳಿರುವುದು ಈ ಭಾಗಕ್ಕೆ. ಆದರೆ ನಮ್ಮ ಪಠ್ಯಪುಸ್ತಕದಲ್ಲಿ ಇದು ಒಂದು ಪಾಠವಾಗಿ ಬರುವುದಿಲ್ಲ. ಮೊದಲ ಸಲ ಪರೀಕ್ಷೆಯ ಕೋಣೆಯಲ್ಲಿಯೇ ನೋಡಿದ ಮಗು ಕಕ್ಕಾಬಿಕ್ಕಿಯಾಗುವುದು ಸಹಜ. ಮೊದಲೇ ಪರಿಚಯ ಮಾಡಿಸಿದರೆ ಇದು ಮಕ್ಕಳಿಗೆ ಆಟವೇ ಸರಿ.

ಇಲ್ಲಿ ಹತ್ತು ಬಗೆಯ ಪ್ರಶ್ನೆಗಳು, ಒಂದೊಂದು ಬಗೆಗೆ ನಾಲ್ಕು. ನಾಲ್ಕು ಚಿತ್ರಗಳಲ್ಲಿ ಗುಂಪಿಗೆ ಸೇರದ ಒಂದನ್ನು ಹುಡುಕುವುದು. ಒಂದೇ ತೆರನ ಚಿತ್ರವನ್ನು ಜೋಡಿಸುವುದು. ಅರ್ಧ ಬಿಟ್ಟ ಚಿತ್ರವನ್ನು ಪೂರ್ತಿ ಮಾಡುವುದು. ಕನ್ನಡಿಯಲ್ಲಿ ಹೇಗೆ ಕಾಣುವುದೆಂದು ಹೇಳುವುದು. ಮಡಿಸಿ ತೂತು ಮಾಡಿದ ಕಾಗದವನ್ನು ಬಿಚ್ಚಿದರೆ ಹೇಗಿರುವುದೆಂದು ಊಹಿಸುವುದು. ದೊಡ್ಡ ಚಿತ್ರದೊಳಗೆ ಅಡಗಿದ ಸಣ್ಣ ಚಿತ್ರವನ್ನು ಗುರುತಿಸುವುದು. ಇಂಥವು.

ಅಂಗಳದಲ್ಲಿ ಚುಕ್ಕಿ ಇಟ್ಟು ರಂಗೋಲಿಯ ಮೂರು ಮೂಲೆ ಬಿಡಿಸಿ, ನಾಲ್ಕನೆಯದನ್ನು ಮಗುವಿಗೆ ಬಿಡಿರಿ. ಹಳೆಯ ಕಾಗದವನ್ನು ಎರಡು ಸಲ ಮಡಿಸಿ ನಡುವೆ ಒಂದು ತೂತು ಮಾಡಿ, ಬಿಚ್ಚುವ ಮೊದಲು ಎಷ್ಟು ತೂತು ಎಂದು ಕೇಳಿರಿ. ನಾಲ್ಕು ಎಂದ ಮೇಲೆ, ಎಲ್ಲೆಲ್ಲಿ ಎಂದು ಬೆರಳಿಟ್ಟು ತೋರಿಸಲಿ. ಗೋಡೆಯ ಕನ್ನಡಿಯ ಮುಂದೆ ಅಕ್ಷರ ಬರೆದ ಹಲಗೆ ಹಿಡಿದು, ಅದು ಹೇಗೆ ಮಗುಚಿ ಕಾಣುವುದೆಂದು ನೋಡಲಿ. ಅಜ್ಜಿ ಹೊಲಿದ ಕೌದಿಯಲ್ಲಿ ಯಾವ ತುಂಡು ಯಾವುದಕ್ಕೆ ಸರಿಜೋಡಿ ಎಂದು ಹುಡುಕಲಿ. ಇದರ ಮೇಲೆ, ಕಲಬುರಗಿಗೆ ತೊಗರಿ ಮಾರಲು ಹೋದ ದಿನ ಪುಸ್ತಕದ ಅಂಗಡಿಯಲ್ಲಿ ನವೋದಯದ ಹಿಂದಿನ ಪ್ರಶ್ನೆಪತ್ರಿಕೆಗಳಿರುವ ಒಂದು ಕನ್ನಡ ಪುಸ್ತಕ ಕೊಂಡು ತನ್ನಿರಿ. ನಾಲ್ಕು ಮನೆ ಸೇರಿ ಒಂದು ಪುಸ್ತಕ ಕೊಂಡರೂ ನಡೆದೀತು. ನಗರದಿಂದ ತರಬೇಕಾದುದು ಇದೊಂದೇ.

ತೊಗರಿಯ ಜೊತೆಗೆ ಪರೀಕ್ಷೆಯ ಕೆಲಸ

ಕಮಲಾಪುರದ ಕೆಂಪು ಬಾಳೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕೆಂದು ನಿಮಗೆ ಗೊತ್ತು. ಈ ಪರೀಕ್ಷೆಗೂ ಅಷ್ಟೇ ಕಾಲ ಇಟ್ಟುಕೊಳ್ಳಿರಿ. ನಾಲ್ಕನೆಯ ತರಗತಿ ಆರಂಭವಾದ ಜೂನಿನಿಂದ ಓದು, ಮಗ್ಗಿ, ಚಿತ್ರದ ಆಟ ನಡೆಯಲಿ. ಐದನೆಯ ತರಗತಿಯ ವರ್ಷಕ್ಕೆ ತೊಗರಿಯನ್ನೇ ಪಂಚಾಂಗ ಮಾಡಿಕೊಳ್ಳಬಹುದು.

ತೊಗರಿ ಬಿತ್ತಿ ಎಡೆಹೊಡೆಯುವ ಹೊತ್ತಿಗೆ ಅರ್ಜಿಯ ಕಾಲ ಬರುವುದು. ಕೊನೆಯ ದಿನ ಪ್ರತಿವರ್ಷ ಒಂದೇ ಇರುವುದಿಲ್ಲ. ಆದುದರಿಂದ ಜೂನ್ ತಿಂಗಳಿನಿಂದಲೇ ಗುರುಗಳನ್ನು ಕೇಳುತ್ತಿರಬೇಕು. ಅರ್ಜಿಯನ್ನು ಗಣಕಯಂತ್ರದ ಮೂಲಕವೇ ಸಲ್ಲಿಸಬೇಕು. ಇದಕ್ಕೆ ನವೋದಯ ಸಮಿತಿ ಯಾವ ಶುಲ್ಕವನ್ನೂ ತೆಗೆದುಕೊಳ್ಳುವುದಿಲ್ಲ. ಮಗುವಿನ ಭಾವಚಿತ್ರ, ಮಗುವಿನ ಸಹಿ, ತಂದೆ ಅಥವಾ ತಾಯಿಯ ಸಹಿ, ಮುಖ್ಯೋಪಾಧ್ಯಾಯರ ದೃಢೀಕರಣ ಪತ್ರ ಬೇಕು. ಮಗುವಿನ ವಯಸ್ಸಿಗೂ ಗಡಿಯುಂಟು. 2026-27ರ ಪ್ರವೇಶಕ್ಕೆ 2014ರ ಮೇ 1ರಿಂದ 2016ರ ಜುಲೈ 31ರೊಳಗೆ ಹುಟ್ಟಿದವರು ಅರ್ಹರಾಗಿದ್ದರು. ಜನ್ಮದಾಖಲೆ, ಶಾಲೆಯ ದಾಖಲೆ, ಆಧಾರ್ ಈ ಮೂರರಲ್ಲಿ ಹೆಸರೂ ಹುಟ್ಟಿದ ದಿನವೂ ಒಂದೇ ಇವೆಯೇ ಎಂದು ನಾಲ್ಕನೆಯ ತರಗತಿಯಲ್ಲಿಯೇ ನೋಡಿಕೊಳ್ಳಿರಿ. ಕೊನೆಯ ವಾರದಲ್ಲಿ ತಿದ್ದಿಸಲು ಓಡಾಡುವುದು ಬಹಳ ಕಷ್ಟ. ಜಾತಿ ಪ್ರಮಾಣಪತ್ರವನ್ನೂ, ರಾಜ್ಯದ ವಸತಿಶಾಲೆಗಳಿಗೆ ಬೇಕಾಗುವ ಆದಾಯದ ಪ್ರಮಾಣಪತ್ರವನ್ನೂ ನಾಡಕಚೇರಿಯಿಂದ ಮೊದಲೇ ಪಡೆದಿಟ್ಟುಕೊಳ್ಳುವುದು ಲೇಸು.

ತೊಗರಿ ಹೂವಾಡುವ ಕಾಲಕ್ಕೆ ವಾರಕ್ಕೊಂದು ಪೂರ್ಣ ಪ್ರಶ್ನೆಪತ್ರಿಕೆ ಬರೆಸಿರಿ. ಭಾನುವಾರ ಬೆಳಿಗ್ಗೆ 11-30ಕ್ಕೆ ಕೂರಿಸಿ, 1-30ಕ್ಕೆ ಏಳಿಸಿರಿ. ವೃತ್ತ ತುಂಬುವುದನ್ನೂ ಅಭ್ಯಾಸ ಮಾಡಿಸಿರಿ. ಪೆನ್ನಿನಿಂದ ತುಂಬಿದ್ದನ್ನು ಅಳಿಸುವಂತಿಲ್ಲ. ಆದುದರಿಂದ ಯೋಚಿಸಿ ಒಂದೇ ಸಲ ತುಂಬಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದೆಂದು ತಿಳಿಸಿರಿ.

ಪರೀಕ್ಷೆ ಬರುವುದು ರಾಶಿಯ ಕಾಲಕ್ಕೆ. 2024ರಲ್ಲಿ ಜನವರಿ 20ರಂದು, 2025ರಲ್ಲಿ ಜನವರಿ 18ರಂದು ನಡೆಯಿತು. ಆಮೇಲಿನ ಪರೀಕ್ಷೆ 2025ರ ಡಿಸೆಂಬರ್ 13ಕ್ಕೇ ಬಂದಿತು. ಮನೆಯವರೆಲ್ಲ ತೊಗರಿ ಕಟಾವಿನಲ್ಲಿರುವ ದಿನಗಳಿವು. ಮಗುವಿನ ಕೈಯೂ ಬೇಕೆನಿಸುವ ದಿನಗಳಿವು. ಇಲ್ಲಿಯೇ ತಂದೆಯ ಪರೀಕ್ಷೆ. ಪರೀಕ್ಷೆಗೆ ಮುಂಚಿನ ಒಂದು ತಿಂಗಳು ಮಗುವನ್ನು ಕಟಾವಿಗೆ ಕರೆಯಬೇಡಿರಿ. ಬೇಕಾದರೆ ಇಬ್ಬರು ಅಣ್ಣತಮ್ಮಂದಿರು ಮಾತಾಡಿಕೊಂಡು, ಒಬ್ಬರ ಹೊಲಕ್ಕೆ ಇನ್ನೊಬ್ಬರು ಆಳಾಗಿ ನಿಲ್ಲಿರಿ. ಈ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಮುಂದಿನ ವರ್ಷ ನೋಡೋಣವೆನ್ನಲು ಅವಕಾಶವಿಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ ಹೊಸದೇನನ್ನೂ ಕಲಿಸಬೇಡಿರಿ. ಹೊತ್ತಿಗೆ ಮಲಗಿಸಿರಿ. ಪ್ರವೇಶಪತ್ರ, ಎರಡು ಪೆನ್ನು, ಕುಡಿಯುವ ನೀರು ಜೊತೆಗಿರಲಿ. ಬಸ್ಸನ್ನು ನಂಬಿ ಕೊನೆಯ ಗಳಿಗೆಗೆ ಹೊರಡಬಾರದು.

ಹೋಗುವ ಮಗುವಿನ ಮನಸ್ಸು

ಹತ್ತು ಹನ್ನೊಂದು ವರ್ಷಕ್ಕೆ ಮನೆ ಬಿಟ್ಟು ಹೋಗುವುದು ಸುಲಭವಲ್ಲ. ಮಗುವಿಗೆ ಹೋಗುವ ಇಷ್ಟವಿದೆಯೇ ಎಂದು ಮೊದಲು ಕೇಳಿರಿ. ತನ್ನ ಬಟ್ಟೆ ತಾನು ಒಗೆಯುವುದು, ತಾನೇ ಸ್ನಾನ ಮಾಡುವುದು, ಹೆಣ್ಣುಮಗುವಾದರೆ ತಾನೇ ಜಡೆ ಹಾಕಿಕೊಳ್ಳುವುದು, ಇವೂ ಸಿದ್ಧತೆಯ ಭಾಗಗಳೇ. ಒಂಬತ್ತನೆಯ ತರಗತಿಯಲ್ಲಿ ಸುಮಾರು ನೂರಕ್ಕೆ 30ರಷ್ಟು ಮಕ್ಕಳನ್ನು ಒಂದು ವರ್ಷ ಹಿಂದಿ ಮಾತನಾಡುವ ರಾಜ್ಯದ ನವೋದಯಕ್ಕೆ ಕಳಿಸುವ ಪದ್ಧತಿಯೂ ಇರುವುದು. ದೇಶದ ಮಕ್ಕಳು ಒಬ್ಬರನ್ನೊಬ್ಬರು ಅರಿಯಲೆಂಬುದು ಅದರ ಉದ್ದೇಶ. ಇದನ್ನು ಮೊದಲೇ ತಿಳಿದಿದ್ದರೆ ಆಗ ಗಾಬರಿಯಾಗುವುದಿಲ್ಲ.

ಹೆಣ್ಣುಮಗುವನ್ನು ದೂರ ಕಳಿಸಲು ಹಿಂಜರಿಯುವವರಿಗೆ ಒಂದು ಮಾತು. ಆ ಮೂರನೆಯ ಒಂದು ಪಾಲನ್ನು ಮೀಸಲಿಟ್ಟಿರುವುದು ನಿಮ್ಮ ಮಗಳಂಥವರಿಗಾಗಿಯೇ. ನೀವು ಅರ್ಜಿ ಹಾಕದಿದ್ದರೆ ಆ ಜಾಗ ಬೇರೊಂದು ಮನೆಯ ಮಗಳಿಗೆ ಹೋಗುವುದು. ನಿಮ್ಮ ಮಗಳು ಅದನ್ನು ಯಾವ ಕಾಲಕ್ಕೂ ಮರಳಿ ಕೇಳುವಂತಿಲ್ಲ.

ಸಿಗದಿದ್ದರೆ?

ಕೊನೆಯದಾಗಿ, ಎಲ್ಲರೂ ಮನಸ್ಸಿನಲ್ಲಿಟ್ಟುಕೊಂಡು ಬಾಯಿ ಬಿಟ್ಟು ಹೇಳದ ಮಾತು. ಒಂದು ಶಾಲೆಗೆ ಜಾಗ ಎಂಬತ್ತೇ. ಬರೆಯುವವರು ಜಿಲ್ಲೆಯ ಊರೂರಿನ ಮಕ್ಕಳು. ಬಹಳ ಮಕ್ಕಳಿಗೆ ಸಿಗುವುದಿಲ್ಲ. ಆ ದಿನ “ಇಷ್ಟು ಮಾಡಿದ್ದು ನೀರುಪಾಲಾಯಿತು” ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಕೂಡದು. ಕಾಯುವ ಪಟ್ಟಿಯಿಂದ ಆಮೇಲೆ ಕರೆ ಬರುವುದುಂಟು. ಮೊರಾರ್ಜಿ, ಆದರ್ಶ ಶಾಲೆಗಳಿರುವವು. ಎಂಟನೆಯ ತರಗತಿ ಓದುವಾಗ ನವೋದಯದ ಒಂಬತ್ತನೆಯ ತರಗತಿಯ ಖಾಲಿ ಜಾಗಗಳಿಗೆ ಬೇರೆ ಪರೀಕ್ಷೆಯೂ ಇರುವುದು.

ಇವೆಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ರಾಜ್ಯದ ಪಟ್ಟಿಯ ಕಟ್ಟಕಡೆಗೆ ನಿಂತದ್ದು ನಮ್ಮ ಕಲಬುರಗಿ ಜಿಲ್ಲೆ. ಪಾಸಾದವರು ನೂರಕ್ಕೆ 42.43. ಅರ್ಧಕ್ಕಿಂತ ಹೆಚ್ಚು ಮಕ್ಕಳು ಆ ಸಲ ತೇರ್ಗಡೆಯಾಗಲಿಲ್ಲ. ಹತ್ತನೆಯ ತರಗತಿಯಲ್ಲಿ ಕಾಣುವ ಈ ಕೊರತೆಯ ಬೇರು ಎಲ್ಲಿದೆ? ಐದನೆಯ ತರಗತಿಯಲ್ಲಿ ಓದಿದ್ದು ತಿಳಿಯದೆ, ಭಾಗಾಕಾರ ಬಾರದೆ ಮೇಲಕ್ಕೆ ಹೋದ 

ಮಗು, ಮುಂದೆ ಪ್ರತಿ ಪಾಠದಲ್ಲಿಯೂ ಎಡವುವುದು. ನೀವು ಒಂದೂವರೆ ವರ್ಷ ಒಲೆಯ ಬಳಿ ಓದಿಸಿದ, ಹೊಲದ ಬದುವಿನಲ್ಲಿ ಲೆಕ್ಕ ಕೇಳಿದ ಮಗು ಹಾಗೆ ಎಡವುವುದಿಲ್ಲ. ನವೋದಯದಲ್ಲಿ ಓದಿದರೂ ಸರಿ, ನಿಮ್ಮೂರ ಶಾಲೆಯಲ್ಲಿಯೇ ಓದಿದರೂ ಸರಿ, ಆ ವಿದ್ಯೆ ಅವನ ಜೊತೆಗೇ ಬರುವುದು.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಮೂರು, ನಾಲ್ಕು, ಐದನೆಯ ತರಗತಿಗಳಲ್ಲಿ ಮಗು ಒಂದು ದಿನವೂ ಊರ ಶಾಲೆ ತಪ್ಪದಂತೆ ನೋಡಿಕೊಳ್ಳಿರಿ. ಕಲಬುರಗಿಯ ಬಾಡಿಗೆಗೆಂದು ಎತ್ತಿಟ್ಟ ಹಣ ಮನೆಯಲ್ಲಿಯೇ ಇರಲಿ. ದಿನಕ್ಕೊಂದು ಗಂಟೆ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿರಿ. ನಿಮ್ಮ ಊರಿನಲ್ಲಿ ಐದನೆಯ ತರಗತಿಯ ಮಕ್ಕಳು ಎಷ್ಟಿದ್ದಾರೆಂದು ನಾಳೆಯೇ ಎಣಿಸಿ, ಅಷ್ಟೂ ಮಕ್ಕಳ ಅರ್ಜಿ ಹೋಗುವಂತೆ ಗುರುಗಳೊಡನೆ ಕೂಡಿ ಕೆಲಸ ಮಾಡಿರಿ.